ಅಕ್ಕ ಒರಗಿ ಉಂಡದ್ದು

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ನನ್ನ ಅಕ್ಕ ಮನೆಯಲ್ಲೂ ಕೂತು ಉಂಡವಳಲ್ಲ. ಎಲ್ಲರಿಗೂ ಬಡಿಸಿದ ಮೇಲೆ ಒಲೆಯ ಪಕ್ಕ ನಿಂತೇ, ತಟ್ಟೆ ಕೈಯಲ್ಲಿ ಹಿಡಿದು ನಾಲ್ಕು ತುತ್ತು ನುಂಗುತ್ತಿದ್ದಳು. ಈಗ ಅವಳ ಕಾಲುಗಳು ಊದಿಕೊಂಡಿವೆ. ದಿನಾ ಸ್ವಲ್ಪ ಹೊತ್ತು ಕಾಲು ಚಾಚಿ ಮಲಗದಿದ್ದರೆ ನಡೆಯುವುದೇ ಕಷ್ಟವಾದೀತು ಎಂದು ಡಾಕ್ಟರು ಎಚ್ಚರಿಸಿದರೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಭಾನುವಾರ ಮಧ್ಯಾಹ್ನ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಾ, ಬೈಬಲಿನ ಸುವಾರ್ತೆಯ ಮೂಲ ಗ್ರೀಕಿನಲ್ಲಿ ಜನ ಊಟಕ್ಕೆ 'ಕೂತರು' ಎಂದಿಲ್ಲ, 'ಒರಗಿದರು' ಎಂದಿದೆ ಎಂದು ಹೇಳಿದೆ. ಎಡಮೊಣಕೈ ಊರಿ, ಕಾಲು ಚಾಚಿ ಉಣ್ಣುತ್ತಿದ್ದರಂತೆ.

"ನಿಮ್ಮ ಭಾವನ ಹಾಗೆ ಅನ್ನು!" ಅಕ್ಕ ನಕ್ಕಳು. "ಎಲ್ಲರೂ ಒರಗಿಬಿಟ್ರೆ ಬಡಿಸೋರು ಯಾರೇ?"

"ಆಳುಗಳು. ಆದ್ರೆ ಒಂದು ಕಡೆ ಯಜಮಾನನೇ ಟೊಂಕ ಕಟ್ಟಿ, ಆಳುಗಳನ್ನ ಒರಗಿಸಿ ಬಡಿಸ್ತಾನೆ ಅಂತಿದೆ ಅಕ್ಕ. ಒರಗಿಸೋದಕ್ಕೆ ಅಲ್ಲಿ 'ಅನಕ್ಲೀನೋ' ಅನ್ನೋ ಮಾತು."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಭಾವ, "ಟೊಂಕ ಏನೋ ಕಟ್ಟಬಹುದು, ಸೌಟು ಹಿಡಿಯೋಕೆ ಬರಬೇಕಲ್ಲ" ಎಂದರು.

"ಚೆಲ್ಲಿದ್ರೆ ನೀವೇ ಒರೆಸ್ಕೊಳ್ಳಿ" ಎಂದು ಅಕ್ಕ ದಿಂಬು ಎಳೆದುಕೊಂಡು ಒರಗಿದಳು.

ಭಾವ ನಿಜಕ್ಕೂ ತಟ್ಟೆ ತಂದರು, ದಾರಿಯುದ್ದಕ್ಕೂ ಚೆಲ್ಲುತ್ತಾ. ಅದನ್ನು ನೋಡಲಾರದೆ ಏಳಹೊರಟವಳನ್ನು ನಾನು ಕಾಲು ಹಿಡಿದು ತಡೆದೆ. ಎರಡು ತುತ್ತು ಉಂಡಳು. ಮೂರನೆಯದಕ್ಕೆ ಚಾಚಿದ ಕೈ ತಟ್ಟೆಯಲ್ಲೇ ಉಳಿಯಿತು; ಅವಳಿಗೆ ನಿದ್ದೆ ಹತ್ತಿತ್ತು. ಭಾವ ಒದ್ದೆ ಬಟ್ಟೆ ತಂದು, ಅವಳಿಗೆ ಎಚ್ಚರವಾಗದ ಹಾಗೆ ಬೆರಳುಗಳನ್ನು ಒರೆಸಿದರು.