ಅಜ್ಜಿ ಹೆಚ್ಚಿದ ಸೌತೆಕಾಯಿ

2020ರ ಬೇಸಿಗೆಯಲ್ಲಿ, ಬಸ್ಸುಗಳೆಲ್ಲ ನಿಂತುಹೋಗಿದ್ದಾಗ, ನನ್ನ ಮಗಳು ತನ್ವಿ ಹುಟ್ಟಿದಳು. ನಮ್ಮದು ಮಾಗಡಿ ತಾಲ್ಲೂಕಿನಲ್ಲಿ ಗುಡೇಮಾರನಹಳ್ಳಿಯ ಹತ್ತಿರದ ಒಂದು ಊರು. ರೇಷ್ಮೆ ಹುಳ ಸಾಕುವ ಮನೆ. ನನ್ನನ್ನು ಕೊಟ್ಟಿದ್ದು ನಮ್ಮಮ್ಮನ ಕೊನೆಯ ತಮ್ಮನಿಗೆ. ಹಾಗಾಗಿ ನನ್ನ ಅತ್ತೆ ಎಂದರೆ ಅಮ್ಮನ ತಾಯಿ, ನನ್ನ ಸ್ವಂತ ಅಜ್ಜಿ. ಮದುವೆಯಾದ ಮೇಲೆ ಅತ್ತೆ ಎನ್ನಬೇಕಿತ್ತು, ನಾಲಿಗೆ ಹೊರಳಲಿಲ್ಲ. ಗಂಡನನ್ನೂ ಮೊದಲಿನಂತೆ ಮಾವ ಎಂದೇ ಕರೆಯುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಅನುಮಾನದ ಪ್ರಾಣಿ. ತಕ್ಕಡಿಯ ಮುಳ್ಳು ನೋಡದೆ ಅಂಗಡಿಯಿಂದ ಸಾಮಾನು ತಂದವಳಲ್ಲ. ಮಾತ್ರೆಯ ಮೇಲಿನ ತಾರೀಖನ್ನು ಓದಿದ ಮೇಲೆ ಮತ್ತೆ ಮಾವನ ಕೈಲೂ ಓದಿಸುತ್ತೇನೆ. ಅವರು ನನ್ನನ್ನು ‘ಸಿಐಡಿ’ ಎಂದು ರೇಗಿಸುತ್ತಾರೆ. ಈ ಗುಣ ನನಗೆ ಬಂದಿರುವುದು ಅಜ್ಜಿಯಿಂದಲೇ, ಅದರಲ್ಲಿ ಯಾರಿಗೂ ಅನುಮಾನವಿಲ್ಲ.

ತನ್ವಿಗೆ ನಿದ್ದೆ ಜಾಸ್ತಿ. ಕುಕ್ಕರ್ ಕೂಗಿದರೂ ಸರಿ, ಬಾಗಿಲ ಮುಂದೆ ಟ್ರ್ಯಾಕ್ಟರ್ ನಿಂತು ಗುಡುಗುಟ್ಟಿದರೂ ಸರಿ, ಏಳುತ್ತಿರಲಿಲ್ಲ. ಬಂದವರೆಲ್ಲ ಎಂಥ ಗಟ್ಟಿಗಿತ್ತಿ ಮಗು ಎಂದು ಹೊಗಳಿದ್ದೇ ಹೊಗಳಿದ್ದು. ನನಗೆ ಆ ಹೊಗಳಿಕೆ ಯಾಕೋ ಹಿಡಿಸಲಿಲ್ಲ. ಒಂದು ದಿನ ಪಕ್ಕದ ಹುಳದ ಮನೆಯಲ್ಲಿ ತಟ್ಟೆ ಜೋಡಿಸಿದ ಸ್ಟ್ಯಾಂಡ್ ಪೂರಾ ಉರುಳಿ ಬಿತ್ತು. ನಾನು ಕುಳಿತಲ್ಲೇ ಬೆಚ್ಚಿಬಿದ್ದೆ. ತನ್ವಿ ಎಚ್ಚರವಾಗಿಯೇ ಇದ್ದಳು, ತನ್ನ ಬೆರಳುಗಳನ್ನು ನೋಡಿಕೊಂಡು ಮಲಗಿದ್ದಳು. ಕಣ್ಣು ಕೂಡ ಪಿಳುಕಿಸಲಿಲ್ಲ.

ಅವತ್ತಿನಿಂದ ಮಗುವಿನ ಹಿಂದೆ ನಿಂತು ತಟ್ಟೆ ಬಡಿಯುವುದೇ ನನ್ನ ಕೆಲಸವಾಯಿತು. ನಿನ್ನ ಕಣ್ಣೇ ಮಗೀಗೆ ತಾಕುತ್ತದೆ ಎಂದು ಅಜ್ಜಿ ಬೈದರು. ಆದರೆ ನಾನಿಲ್ಲದಾಗ ಅವರೂ ಮೆಲ್ಲಗೆ ಬಂದು ಮಗುವಿನ ಹಿಂದೆ ಚೊಂಬು ಕುಟ್ಟುತ್ತಿದ್ದುದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದೆ.

ಆಮೇಲೆ ಮನೆ ತುಂಬಾ ಅನುಮಾನ. ಬಸುರಿಯಾಗಿದ್ದಾಗ ಹುಳದ ಮನೆ ತೊಳೆಯುವ ಔಷಧಿಯ ಘಾಟು ಕುಡಿದಿದ್ದೆನಲ್ಲ, ಅದೇ ಇರಬೇಕು ಎಂದು ನಾನು. ನಮ್ಮಪ್ಪ ಫೋನಿನಲ್ಲಿ, ದೋಷವೇನಿದ್ದರೂ ಅದು ನಿಮ್ಮಜ್ಜಿಯ ಕಡೆಯದು ಎಂದರು. ಅಜ್ಜಿ, ನಿಮ್ಮಪ್ಪನ ಕಡೆಯದು ಎಂದರು. ನಡುವೆ ಸಿಕ್ಕಿಕೊಂಡ ಅಮ್ಮ ಫೋನ್ ಎತ್ತುವುದನ್ನೇ ಬಿಟ್ಟಳು. ಕೊನೆಗೆ ಅಜ್ಜಿ ಎಲ್ಲ ತಪ್ಪನ್ನೂ ನನ್ನ ತಲೆಗೇ ಕಟ್ಟಿದರು. ನಾನು ಬಸುರಿಯಾಗಿದ್ದಾಗ ಸೂರ್ಯಗ್ರಹಣ ಬಂದಿತ್ತು.

“ಅವತ್ತು ನೀನು ಸೌತೇಕಾಯಿ ಹೆಚ್ಚುದ್ದೆ. ನಾನು ಕಣ್ಣಾರೆ ಕಂಡಿವ್ನಿ.”

ನಾನು ಅವತ್ತು ಈಳಿಗೆಮಣೆಯ ಹತ್ತಿರಕ್ಕೂ ಹೋಗಿರಲಿಲ್ಲ, ಹೊದ್ದು ಮಲಗಿದ್ದೆ. ಹಾಗೆಂದಿದ್ದಕ್ಕೆ, ಗ್ರಹಣದಲ್ಲಿ ಮಲಗಿದ್ದೂ ತಪ್ಪೇ ಎಂದರು. ಸಿಟ್ಟಿನಿಂದ ನನಗೆ ಅಳುವೇ ಬಂತು. ಆದರೂ ಒಂದು ಪ್ರಶ್ನೆ ತಲೆ ಕೊರೆಯತೊಡಗಿತು. ಇಷ್ಟೆಲ್ಲ ಕಾಯಿಪಲ್ಲೆ ಇರುವಾಗ ಅಜ್ಜಿ ಸೌತೆಕಾಯಿಯನ್ನೇ ಯಾಕೆ ಹಿಡಿದರು?

ಬಸ್ಸು ಶುರುವಾದ ಮೇಲೆ ರಾಮನಗರದ ಒಬ್ಬ ಕಿವಿ ಡಾಕ್ಟರಮ್ಮನ ಹತ್ತಿರ ಹೋದೆವು. ನಿದ್ದೆ ಮಾಡುತ್ತಿದ್ದ ತನ್ವಿಯ ತಲೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡಿದರು. ಎರಡು ಕಿವಿಯೂ ಕೇಳುತ್ತಿಲ್ಲ ಎಂದರು. ಆಪರೇಷನ್ ಮಾಡಿ ಕಿವಿಯೊಳಗೆ ಒಂದು ಸಣ್ಣ ಮೆಷಿನ್ ಇಡಬಹುದು, ಅದಕ್ಕೆ ಸರ್ಕಾರದ ಯೋಜನೆಯೂ ಇದೆ, ಆದರೆ ಬೇಗ ಮಾಡಿಸಬೇಕು, ತಡವಾದಷ್ಟೂ ಮಾತು ಕಲಿಯುವುದು ಕಷ್ಟ ಎಂದರು. ನನ್ನ ಬುದ್ಧಿ ನೋಡಿ, ಆ ಹೊತ್ತಿನಲ್ಲೂ ಮೊದಲು ಬಂದ ಯೋಚನೆ, ಈಯಮ್ಮನಿಗೆ ಮೆಷಿನ್ ಕಂಪನಿಯವರು ಏನಾದರೂ ಕೊಡುತ್ತಾರಾ ಎಂದು. ಕೇಳಿಯೇಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಬೇರೆ ಕಡೆಯೂ ತೋರಿಸಿಕೊಂಡು ಬನ್ನಿ ಎಂದು ನಕ್ಕರು. ಬೆಂಗಳೂರಿನಲ್ಲಿ ತೋರಿಸಿದೆವು. ಅಲ್ಲೂ ಅದನ್ನೇ ಹೇಳಿದರು.

ನನ್ನ ಅನುಮಾನ ಅಲ್ಲಿಗೆ ಮುಗಿಯಿತು, ಅಜ್ಜಿಯದು ಮುಗಿಯಲಿಲ್ಲ. ಗ್ರಹಣದ ದೋಷವಾದರೆ ದೇವರಿಗೆ ಹರಕೆ ಹೊತ್ತರೆ ಹೋಗುತ್ತದೆ, ಹಸುಗೂಸಿನ ತಲೆ ಕುಯ್ಯಲು ಬಿಡುವುದಿಲ್ಲ ಎಂದು ಹಟ ಹಿಡಿದರು. ಮಾವ ತಾಯಿಯ ಮಾತು ಮೀರುವವರಲ್ಲ. ತಿಂಗಳುಗಳು ಜಾರುತ್ತಿದ್ದವು. ಮಗಳು ‘ಅಮ್ಮ’ ಎನ್ನಬೇಕಾದ ಕಾಲ ಕಣ್ಣೆದುರೇ ಕಳೆದುಹೋಗುತ್ತಿತ್ತು.

ಕೊನೆಗೆ ರಾಮನಗರದ ಡಾಕ್ಟರೇ, ಕಾರಣ ಏನೆಂದು ರಕ್ತ ಪರೀಕ್ಷೆಯಲ್ಲಿ ನೋಡೋಣ ಎಂದರು. ಮನೆಯಲ್ಲಿ ಹಿಂದೆ ಯಾರಿಗಾದರೂ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲವಾ ಎಂದು ಕೇಳಿದರು. ಜೊತೆಗೆ ಬಂದಿದ್ದ ಅಜ್ಜಿ ತಟ್ಟನೆ, ಯಾರೂ ಇಲ್ಲ ಎಂದರು. ಉಪ್ಪು ಇದೆಯಾ ಎಂದರೂ ಯೋಚಿಸಿ ಉತ್ತರ ಕೊಡುವ ಅಜ್ಜಿ ಇಷ್ಟು ಬೇಗ ಹೇಳಿದ್ದು ನನಗೆ ಸರಿ ಕಾಣಲಿಲ್ಲ.

ರಕ್ತದ ಫಲಿತಾಂಶ ಬಂದ ದಿನ ನಮ್ಮೆಲ್ಲರನ್ನೂ ಕೂರಿಸಿಕೊಂಡು ಡಾಕ್ಟರ್ ವಿವರಿಸಿದರು. ಪ್ರತಿಯೊಂದು ಜೀನ್ ನಮ್ಮೊಳಗೆ ಜೋಡಿಯಾಗಿ ಇರುತ್ತದಂತೆ, ಒಂದು ಅಪ್ಪನದು, ಒಂದು ಅಮ್ಮನದು. ತನ್ವಿಗೆ ಬಂದಿರುವಂಥ ತೊಂದರೆಯಲ್ಲಿ, ಜೋಡಿಯಲ್ಲಿ ಒಂದು ಕೆಟ್ಟಿದ್ದರೆ ಇನ್ನೊಂದು ಕೆಲಸ ನಡೆಸುತ್ತದೆ, ಕಿವಿ ಚೆನ್ನಾಗಿಯೇ ಕೇಳುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ಕಿವುಡು. ನನ್ನಲ್ಲೂ ಮಾವನಲ್ಲೂ ಒಂದೊಂದು ಕೆಟ್ಟದ್ದಿತ್ತು. ತನ್ವಿಗೆ ಇಬ್ಬರಿಂದಲೂ ಅದೇ ಬಂದಿತ್ತು. ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ, ಒಂದೇ ದೋಷ ಗಂಡ ಹೆಂಡತಿ ಇಬ್ಬರಲ್ಲೂ ಇರುವ ಸಂಭವ ಹೆಚ್ಚು ಎಂದರು. ಇದರಲ್ಲಿ ಯಾರ ತಪ್ಪೂ ಇಲ್ಲ ಎಂದೂ ಹೇಳಿದರು.

ಅಜ್ಜಿ ಎಲೆಅಡಿಕೆ ಚೀಲವನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. “ಹಂಗಾರೆ, ಗ್ರಾಣ?”

“ಗ್ರಹಣಕ್ಕೂ ಕಿವಿಗೂ ಸಂಬಂಧವೇ ಇಲ್ಲ ಅಜ್ಜಿ,” ಎಂದರು ಡಾಕ್ಟರ್.

“ಈಗ ಮಾತ್ರವೋ, ಆವಾಗ್ಲೂ ಇರ್ನಿಲ್ವೋ?”

“ಯಾವತ್ತೂ ಇರಲಿಲ್ಲ.”

ಅಜ್ಜಿ ಮೆಲ್ಲಗೆ ಹೇಳತೊಡಗಿದರು. ಅವರೂ ಸೋದರತ್ತೆಯ ಮಗನನ್ನೇ ಮದುವೆಯಾದವರು. ನಮ್ಮಮ್ಮ ಹುಟ್ಟುವ ಮೊದಲು ಅವರಿಗೊಂದು ಹೆಣ್ಣುಮಗು ಆಗಿತ್ತಂತೆ. ಕೂಗಿದರೆ ತಿರುಗುತ್ತಿರಲಿಲ್ಲ. ನಡೆಯುವುದು ಕಲಿತ ಮೇಲೆ ಒಂದು ದಿನ ಬೀದಿಯಲ್ಲಿ ಆಡುತ್ತಿದ್ದಾಗ ಹಿಂದಿನಿಂದ ಎತ್ತಿನಗಾಡಿ ಬಂತು. ಎತ್ತಿನ ಗೆಜ್ಜೆಯಾಗಲಿ ಗಾಡಿಯವನ ಕೂಗಾಗಲಿ ಮಗುವಿಗೆ ಕೇಳಲಿಲ್ಲ. ಗ್ರಹಣದಲ್ಲಿ ಸೌತೆಕಾಯಿ ಹೆಚ್ಚಿ ಮಗುವನ್ನು ನೀನೇ ಕೊಂದೆ ಎಂದು ಅಜ್ಜಿಯ ಅತ್ತೆ ಸಾಯುವತನಕ ಅಂದರಂತೆ.

“ಹೆಚ್ಚುದ್ದು ದಿಟವೇ ಕಣವ್ವಾ,” ಎಂದರು ಅಜ್ಜಿ ಡಾಕ್ಟರಿಗೆ. “ಹೊಟ್ಟೆ ಹಸ್ದಿತ್ತು.”

ನನಗೆ ಅಜ್ಜಿಯ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ತಾಯಿಗೆ ಹಾಗೊಂದು ಮಗುವಿತ್ತೆಂದು ಮಾವನಿಗೂ ಗೊತ್ತಿರಲಿಲ್ಲ. ಅವರು ಬಾಗಿಲ ಕಡೆ ತಿರುಗಿ ನಿಂತರು. ಕಣ್ಣು ಒರೆಸಿಕೊಂಡ ಅಜ್ಜಿ ಮೊದಲು ಆಡಿದ ಮಾತು, “ಆಪ್ರೇಸನ್ ಮಾಡ್ಸುಬುಡಿ, ತಡ ಮಾಡ್‌ಬ್ಯಾಡಿ.”

ಬಸ್ಸಿನಲ್ಲಿ ಮಾವ ಒಂದೇ ಮಾತಾಡಿದ್ದು. “ಹುಳ ಗಟ್ಟಿಮುಟ್ಟಾಗಿ ಬರ್ಲಿ ಅಂತ ಎರಡು ಬೇರೆ ತಳಿ ಕೂಡ್ಸಿರೋ ಮೊಟ್ಟೆನೇ ಬೇಕು ಅಂತ ಅಲೀತೀನಿ. ನಮ್ ಮನೆ ವಿಚಾರ್‌ದಲ್ಲಿ ಹೊಳೀಲೇ ಇಲ್ಲ ನೋಡು.”

ಆಪರೇಷನ್ ಆಯಿತು. ಮಾತು ಕಲಿಸುವ ತರಬೇತಿಗೆ ತನ್ವಿಯನ್ನು ಎತ್ತಿಕೊಂಡು ಅಲೆದದ್ದೇ ದೊಡ್ಡ ಕಥೆ. ಮೊದಮೊದಲು ಅವಳ ಮಾತು ನನಗೆ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಜ್ಜಿ ಮಾತ್ರ ಮೆಷಿನ್ನನ್ನು ಇವತ್ತಿಗೂ ನಂಬಿಲ್ಲ, ಹಿಂದಿನಿಂದ ಬಂದು ಚೊಂಬು ಕುಟ್ಟಿ ನೋಡುತ್ತಲೇ ಇರುತ್ತಾರೆ. ನನ್ನ ಅನುಮಾನವೂ ಹೋಗಿಲ್ಲ. ಆದರೆ ಊರಿನಲ್ಲಿ ಯಾರಾದರೂ ಬಸುರಿಯ ಕಡೆ ಬೆರಳು ತೋರಿಸಿದರೆ ನನ್ನ ಮೈ ಉರಿಯುತ್ತದೆ, ಸುಮ್ಮನೆ ಬಿಡುವುದಿಲ್ಲ.

ಆಪರೇಷನ್ ಆದ ಮುಂದಿನ ವರ್ಷ, ದೀಪಾವಳಿಯ ಸಮಯದಲ್ಲಿ, ಸಂಜೆ ಮತ್ತೆ ಸೂರ್ಯಗ್ರಹಣ ಬಂತು. ಊರಿನವರೆಲ್ಲ ಬಾಗಿಲು ಹಾಕಿಕೊಂಡಿದ್ದರು. ಅಜ್ಜಿ ಈಳಿಗೆಮಣೆಯನ್ನು ಜಗಲಿಗೆ ಎಳೆದುಕೊಂಡು ಹೋಗಿ ಸೌತೆಕಾಯಿ ಹೆಚ್ಚುತ್ತಾ ಕೂತರು. ಪಕ್ಕದಲ್ಲಿ ಕೂತ ತನ್ವಿಗೂ ಒಂದು ಹೋಳು ಕೊಟ್ಟರು. ನಾನು ಬಾಗಿಲಲ್ಲಿ ನಿಂತು, ಆ ಮಗುವಿನ ಹೆಸರು ಏನಿತ್ತಜ್ಜಿ ಎಂದು ಕೇಳಿದೆ.

ಅಜ್ಜಿ ತಲೆ ಎತ್ತಲಿಲ್ಲ. “ಗೌರಿ ಅಂತ ಇಟ್ಟಿದ್ವಿ. ಕೂಗುದ್ರೆ ತಿರುಗ್ತಿರ್ನಿಲ್ಲ, ಆಮೇಲೆ ಕೂಗೋದ್ನೇ ಬುಟ್ಬುಟ್ಟೊ.”

ಬಾಯಿ ತುಂಬಾ ಸೌತೆಕಾಯಿ ಇಟ್ಟುಕೊಂಡಿದ್ದ ತನ್ವಿ, “ಗೌಯಿ,” ಎಂದಳು.

ಅಜ್ಜಿಯ ಕೈ ನಿಂತಿತು. ಅವಳ ಕಡೆ ತಿರುಗಿ, “ಇನ್ನೊಂದ್ಸಲ ಅನ್ನವ್ವಾ,” ಎಂದರು.