ಬಿಳಿ ಹುಡುಗಿಯರ ಕ್ಯಾಸೆಟ್ಟು, ನನ್ನ ಬೀಗರ ಹಾಡು

ನನ್ನದು ಸುಮ್ಮನಿರುವ ಬಾಯಲ್ಲ. ಬಿಳಿಗೆರೆಯಿಂದ ಹುಳಿಯಾರಿನವರೆಗೆ ನೆಂಟರಿಷ್ಟರಲ್ಲಿ ಯಾರ ಮದುವೆಯಾದರೂ ಬೀಗರ ಹಾಡಿಗೆ ನಾನೇ ಬೇಕಿತ್ತು. ಊಟಕ್ಕೆ ಕೂತ ಬೀಗರನ್ನು ಹೆಣ್ಣಿನ ಕಡೆಯ ಹೆಂಗಸರು ಹಾಡಿನಲ್ಲೇ ಬೈಯಬೇಕು, ಗಂಡಿನ ಕಡೆಯವರು ಹಾಡಿನಲ್ಲೇ ತಿರುಗಿಸಿ ಕೊಡಬೇಕು, ಬೈಸಿಕೊಂಡವರು ನಗಬೇಕು. ಬೀಗಿತ್ತಿಯ ಸೊಂಟ, ಬೀಗರ ಗೊರಕೆ, ಯಾವುದನ್ನೂ ನಾನು ಬಿಡುತ್ತಿರಲಿಲ್ಲ. ಎಂಥಾ ಮೆರೆದಾಟ ಅಂತೀರಿ!

ಮಗಳು ತಿಪಟೂರಿನಲ್ಲಿ ಡಿಗ್ರಿ ಓದುವಾಗ ಒಂದು ಭಾನುವಾರ ಇಬ್ಬರು ಗೆಳತಿಯರನ್ನು ಮನೆಗೆ ಕರಕೊಂಡು ಬಂದಳು. ಅವರಲ್ಲಿ ಉದ್ದ ಜಡೆಯವಳು ಬೆಂಗಳೂರಿನಿಂದ ಒಂದು ಇಂಗ್ಲಿಷ್ ಕ್ಯಾಸೆಟ್ ತರಿಸಿದ್ದಳು. ಅದರ ಮೇಲೆ ನಾಲ್ಕು ಬಿಳಿ ಹುಡುಗಿಯರ ಫೋಟೊ. ದೊಗಳೆ ಪ್ಯಾಂಟು ಹಾಕ್ಕೊಂಡು ಜಗಳಕ್ಕೆ ಬಂದವರ ಹಾಗೆ ಗುರಾಯಿಸುತ್ತಿದ್ದರು. ನಾನು ನಡುಮನೆಯಲ್ಲಿ ಕೊಬ್ಬರಿ ತುರಿಯುತ್ತಾ ಕೂತಿದ್ದೆ. ಟೇಪ್ ರೆಕಾರ್ಡರಿಗೆ ಹಾಕಿದರು ನೋಡಿ, ಹಾಡೂ ಅಲ್ಲ, ಮಾತೂ ಅಲ್ಲ, ಉಸಿರೇ ತಗೊಳ್ಳದೆ ಪಟಪಟಾಂತ ಶುರುವಾಯಿತು.

ಮುಗಿಯೋ ಮುಂಚೆಯೇ ಮೂವರಿಗೂ ಜಗಳ ಹತ್ತಿಕೊಂಡಿತು.

"ರ್‍ಯಾಪ್ ಕರಿಯರ ಹಾಡು ಕಣೇ. ಅವರು ಕಷ್ಟಪಟ್ಟು ಕಟ್ಟಿದ್ದನ್ನ ಇವರು ಮೇಕಪ್ ಹಾಕ್ಕೊಂಡು ಒಪ್ಪಿಸ್ತಾವ್ರೆ," ಅಂದಳು ಇನ್ನೊಬ್ಬ ಗೆಳತಿ, ಕನ್ನಡಕದವಳು.

"ಗಂಡಸರು ಬೈದ್ರೆ ಸ್ಟೈಲು, ಹುಡುಗೀರು ಬೈದ್ರೆ ನಿಂಗೆ ಮೇಕಪ್ಪಾ?" ಜಡೆಯವಳು ಎದ್ದೇ ನಿಂತಳು. ನನ್ನ ಮಗಳು ಅವಳ ಪಕ್ಷ. ಇಷ್ಟು ಧೈರ್ಯವಾಗಿ ಹಾಡುವ ಹೆಂಗಸರನ್ನು ತಾನು ಕೇಳಿಯೇ ಇಲ್ಲ ಅಂದಳು.

ನನಗೆ ತಡೆಯಲಿಲ್ಲ. "ಏನಂತ ಬೈಯ್ತಾವ್ರಮ್ಮ ಅವು?" ಅಂತ ಕೇಳಿದೆ.

"ನಿನ್ನ ಮೂತಿ ನೋಡ್ಕೋ ಹೋಗು, ನನ್ನ ಮುಂದೆ ನಿಲ್ಲಬೇಡ ಅಂತ, ಆಂಟಿ," ಅಂದಳು ಜಡೆಯವಳು.

"ಅಯ್ಯೋ, ಇಷ್ಟೇನಾ! ಬುಡು, ನಮ್ಮ ಬೀಗರೂಟಕ್ಕೆ ಬಂದ್ರೆ ಇವು ಅತ್ಕೊಂಡು ಓಡ್ತವೆ," ಅಂದವಳೇ ತುರಿಯೋ ಮಣೆ ತಳ್ಳಿ, ಕೈತಟ್ಟಿ ಎತ್ತಿಕೊಂಡೆ. "ಊಟಕ್ ಮುಂದು ನಮ್ ಬೀಗ, ಉಡುಗೊರೆ ಅಂದ್ರೆ ಓಟ ಬೇಗ" ಅಂತ ಶುರುಮಾಡಿ ಬೀಗಿತ್ತಿಯ ಸೀರೆಯೊಳಗೂ ಇಳಿದೆ. ಗೆಳತಿಯರು ಹೊಟ್ಟೆ ಹಿಡಕೊಂಡು ನಕ್ಕರು. ಇನ್ನೊಂದು ಹೇಳಿ ಆಂಟಿ ಅಂತ ಗೋಗರೆದರು.

ಮಗಳು ಮಾತ್ರ ಟೇಪ್ ರೆಕಾರ್ಡರ್ ಆಫ್ ಮಾಡಿದಳು. ಮುಖ ಕೆಂಪಗಾಗಿತ್ತು. "ಸಾಕು ಸುಮ್ನಿರಮ್ಮ. ಅವರದ್ದು ಮ್ಯೂಸಿಕ್ಕು. ನಿಂದು ಬರೀ ಕೊಳಕು ಬಾಯಿ."

ಗೆಳತಿಯರ ನಗು ನಿಂತುಹೋಯಿತು. ಅವರ ಕಣ್ಣೆದುರಿಗೇ ನಾನು ಚಿಕ್ಕವಳಾಗಿಬಿಟ್ಟೆ. ಕಾಫಿ ಮಾಡ್ತೀನಿ ಅಂತ ಒಳಗೆ ಹೋಗಿ ಒಲೆ ಹಚ್ಚದೆ ನಿಂತಿದ್ದೆ. ಇಷ್ಟು ವರ್ಷ ಜನ ನಕ್ಕಿದ್ದು ನನ್ನ ಹಾಡಿಗೋ, ನನಗೋ? ಆ ಯೋಚನೆ ಹೊಕ್ಕಿದ್ದು ಮತ್ತೆ ಬಿಡಲಿಲ್ಲ. ಆಮೇಲಿನ ಮದುವೆಗಳಲ್ಲಿ ಯಾರು ಕರೆದರೂ ಗಂಟಲು ಕಟ್ಟಿದೆ ಅಂತ ಸುಳ್ಳು ಹೇಳಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ.

ಎರಡು ವರ್ಷಕ್ಕೆ ಮಗಳದ್ದೇ ಮದುವೆ ಬಂತು. ಗಂಡಿನ ಕಡೆಯವರು ಅಮ್ಮಸಂದ್ರದವರು. ಊಟಕ್ಕೆ ಕೂತಾಗ ಗಂಡಿನ ಸೋದರತ್ತೆ, ಹಲ್ಲಿಲ್ಲದ ಮುದುಕಿ, ಎಂಥಾ ಕಂಠ ಅಂತೀರಿ, ನನ್ನ ಮಗಳನ್ನು ಹಾಡಿನಲ್ಲಿ ಹಿಡಕೊಂಡಳು. ಮುದ್ದೆ ತಿರುವಲು ಬಾರದವಳು, ಕನ್ನಡಿ ಬಿಟ್ಟು ಏಳದವಳು ಅಂತ ಒಂದಾದ ಮೇಲೊಂದು. ನಮ್ಮ ಕಡೆಯವರೆಲ್ಲ ತಿರುಗಿ ನನ್ನನ್ನೇ ನೋಡಿದರು. ಗಂಡನ ಪಕ್ಕ ಎಲೆಯ ಮುಂದೆ ಕೂತಿದ್ದ ಮಗಳು, ಬಡಿಸುತ್ತಾ ಬಂದಿದ್ದ ನನ್ನ ಸೆರಗು ಜಗ್ಗಿದಳು.

"ಅಮ್ಮ, ಹೇಳಮ್ಮ ಒಂದು. ನನ್ನ ಬೈಯ್ತಾವ್ರೆ."

ಬಾಯಿ ತೆಗೆದೆ. ಪದ ನಾಲಿಗೆ ತುದಿಗೇ ಬಂದಿತ್ತು. ಮಗಳ ಮುಖ ನೋಡಿದೆ, ಅಷ್ಟೇ, ನಾಚಿಕೆಯಿಂದ ಮೈಯೆಲ್ಲ ಮುದುಡಿತು. ಒಂದಕ್ಷರ ಹೊರಡಲಿಲ್ಲ.

ಆ ಮುದುಕಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ದನಿ ತಗ್ಗಿಸಿ ಪಕ್ಕದವಳಿಗೆ, "ಸಾಕು ಬುಡವ್ವ. ಪಾಪ, ಈ ಹುಡುಗಿ ಕಡೆ ಯಾರೂ ಇಲ್ಲ," ಅಂದಳು.

ನನ್ನ ಮಗಳು ಸೆರಗು ಬಿಟ್ಟು, ತಲೆ ತಗ್ಗಿಸಿಕೊಂಡು ಅನ್ನ ಕಲಸತೊಡಗಿದಳು.