ಭಾಗಿಯ ಹಸಿವು

ನನಗೆ ಆಗ ಅರವತ್ತೇಳು. ನಾಲ್ಕು ವರ್ಷದ ಹಿಂದಿನ ಮಾತು. ಮೊಮ್ಮಗಳು ಭಾಗಿಗೆ ನಾಲ್ಕು ನಡೆದಿತ್ತು. ಒಂದು ದಿನ ಬುಟ್ಟಿಯ ಮುಂದೆ ಕೂತು ಮೂರು ಜೋಳದ ರೊಟ್ಟಿ ತಿಂದಳು. “ಆಯಿ,” ಎಂದು ನನ್ನನ್ನು ಕರೆದು ನಾಲ್ಕನೆಯದಕ್ಕೆ ಕೈ ಚಾಚಿದಳು.

ನಾನು ಖುಷಿಪಟ್ಟೆ.

ಹುಟ್ಟಿದಾಗ ಆ ಕೂಸು ಸರಿಯಾಗಿ ಅಳಲಿಲ್ಲ. ಒದ್ದೆ ಬಟ್ಟೆಯ ಹಾಗೆ ಕೈಮೇಲೆ ಜೋತುಬೀಳುತ್ತಿತ್ತು. ಮೊಲೆ ಚೀಪುವ ಶಕ್ತಿಯಿರಲಿಲ್ಲ. ಸೊಸೆ ಸಂಗೀತಾ ಹಾಲು ಹಿಂಡಿ ಕೊಡುತ್ತಿದ್ದಳು, ನಾನು ಚಮಚೆಯಲ್ಲಿ ಹನಿ ಹನಿ ಹಾಕುತ್ತಿದ್ದೆ. ಅಂಥವಳು ತಾನಾಗಿ ರೊಟ್ಟಿ ಕೇಳಿದರೆ ಯಾರು ಬೇಡ ಅನ್ನುತ್ತಾರೆ? ಅದೂ ನಮ್ಮದು ರೊಟ್ಟಿ ಮಾಡುವ ಮನೆ. ನಮ್ಮೂರು ಸರಸಂಬಾದಲ್ಲಿ ಬಡಿದು ಆಳಂದದ ಖಾನಾವಳಿಗಳಿಗೆ ಕಳಿಸುತ್ತೇವೆ.

ಪಕ್ಕದ ಮನೆಯ ಶಹನಾಜ್‌ಬಿ ನಗುತ್ತಿದ್ದಳು. “ಅಮ್ಮಾ, ನಿಮ್ಮ ಮೊಮ್ಮಗಳು ಪೈಲ್ವಾನ್ ಆಗಾಕತ್ತಾಳ. ಕುಸ್ತಿಗಿ ಕಳಸ್ರಿ.”

ಭಾಗಿಯ ಮೈ ಊದತೊಡಗಿತು. ಉಂಡು ಎದ್ದವಳೇ ಹಸಿ ಹಿಟ್ಟಿಗೆ ಕೈ ಹಾಕುತ್ತಿದ್ದಳು. ಸಂಗೀತಾ ಹಟಹಿಡಿದು ಕಲಬುರಗಿಗೆ ಕರೆದೊಯ್ದಳು, ನಾನೂ ಹೋದೆ. ಬ್ಲಡ್ ಟೆಸ್ಟ್ ರಿಪೋರ್ಟ್ ಬರಲು ತಿಂಗಳು ಹಿಡಿಯಿತು. ಪ್ರೇಡರ್-ವಿಲ್ಲಿ ಸಿಂಡ್ರೋಮ್ ಅಂದರು. ಲೇಡಿ ಡಾಕ್ಟರು ನನಗೆ ತಿಳಿಯುವ ಹಾಗೆ ಹೇಳಿದರು.

“ಅಮ್ಮ, ಮೈಯಾಗ ಕ್ರೋಮೋಸೋಮ್ ಅಂತ ಕಣ್ಣಿಗಿ ಕಾಣದ ದಾರದಂಥವು ಇರ್ತಾವ. ಅರ್ಧ ತಾಯಿದು, ಅರ್ಧ ತಂದಿದು. ಈಕಿದು ಹದಿನೈದನೇದ್ದರಾಗ, ತಂದಿ ಕಡಿಂದ ಬಂದಿದ್ದರಾಗ, ಒಂದು ತುಂಡು ಇಲ್ಲ. ಅದಕ್ಕ ಹೊಟ್ಟಿ ತುಂಬಿದ್ದು ಈಕಿ ತಲಿಗಿ ತಿಳ್ಯಂಗಿಲ್ಲ.”

“ನನ್ನ ಮಗಂದು ತಪ್ಪೇನ್ರಿ?”

“ಯಾರ ತಪ್ಪೂ ಅಲ್ರಿ. ಹೆಚ್ಚಾಗಿ ತಾನಾಗೇ ಹಿಂಗ ಆಗ್ತದ. ಹೋದ ತುಂಡು ತಂದು ಹಚ್ಚಾಕ ಬರಂಗಿಲ್ಲ. ಊಟ ಅಳತಿ ಮಾಡಿ ಕೊಡ್ರಿ. ತಿನ್ನೋದು ಕೈಗಿ ಸಿಗಂಗ ಇಡಬ್ಯಾಡ್ರಿ.”

ನಾನು ನಂಬಲಿಲ್ಲ. ಕಣ್ಣಿಗೆ ಕಾಣದ ದಾರದಲ್ಲಿ ತುಂಡು ಇಲ್ಲವೆಂದು, ಕಣ್ಣೆದುರು ಅಳುವ ಕೂಸಿಗೆ ರೊಟ್ಟಿ ಕೊಡಬಾರದು ಅನ್ನುವುದು ನನ್ನ ತಲೆಗೆ ಹೋಗಲಿಲ್ಲ. ಸೊಸೆ ಮಾತ್ರ ಅಳತೆ ಹಿಡಿದಳು. ಹೊತ್ತಿಗೆ ಅರ್ಧ ರೊಟ್ಟಿ, ಉಳಿದದ್ದು ಪಲ್ಯ.

“ಹಡದ ಕೂಸಿಗಿ ಉಪಾಸ ಕೆಡವಾಕತ್ತೀ ಏನಬೇ?” ಅಂದೆ.

“ಬೈರಿ ಅತ್ತಿ. ಬೈಸ್ಕೋತೇನಿ. ಆದ್ರ ಕೊಡಬ್ಯಾಡ್ರಿ.”

ನಾನು ಸೆರಗಿನಲ್ಲಿ ಮುಚ್ಚಿ ಕೊಟ್ಟೆ. ದಿನಾ ಕೊಟ್ಟೆ.

ಒಂದು ಮಧ್ಯಾಹ್ನ ಸಂಗೀತಾ ತೊಗರಿ ಹೊಲಕ್ಕೆ ಹೋಗಿದ್ದಳು. ಭಾಗಿಯ ಮುಂದೆ ಬುಟ್ಟಿ ತೆರೆದಿಟ್ಟು ನಾನು ನೀರಿಗೆ ಹೋದೆ. ಬಂದು ನೋಡಿದರೆ ಎಂಟು ರೊಟ್ಟಿ ಇರಲಿಲ್ಲ. ಕೂಸು ಗೋಡೆಗೆ ಒರಗಿತ್ತು. ಹೊಟ್ಟೆ ಕಲ್ಲಿನ ಹಾಗೆ ಬಿಗಿದಿತ್ತು. ವಾಂತಿ ಬರಲಿಲ್ಲ. ತುಟಿ ಬೆಳ್ಳಗಾಗಿತ್ತು.

ಆಗಲೂ ನನ್ನ ಕೈ ನೋಡುತ್ತಿತ್ತು.

ಮತ್ತೆ ಕಲಬುರಗಿ. ಎಮರ್ಜೆನ್ಸಿ, ಎಕ್ಸ್‌ರೇ, ಮೂಗಿನಲ್ಲಿ ಪೈಪು. ನಾಲ್ಕು ದಿನ ಅಡ್ಮಿಟ್. ಅದೇ ಡಾಕ್ಟರು ಬಂದು, ಇಷ್ಟು ರೊಟ್ಟಿ ಯಾರು ಕೊಟ್ಟರು ಎಂದು ಕೇಳಿದರು. ಸಂಗೀತಾಳಿಗೆ ಗೊತ್ತಿತ್ತು. ನೆಲ ನೋಡುತ್ತಾ ನಿಂತಳೇ ಹೊರತು ನನ್ನ ಹೆಸರು ಹೇಳಲಿಲ್ಲ.

“ನಾನೇ ಕೊಟ್ಟೇನ್ರಿ,” ಅಂದೆ.

“ಇನ್ನೊಮ್ಮಿ ಹಿಂಗಾದ್ರ ಹೊಟ್ಟಿ ಒಡೀಬಹುದ್ರಿ ಅಮ್ಮ. ಆಮ್ಯಾಲ ಕೂಸು ನಮ್ಮ ಕೈಗಿ ಸಿಗಂಗಿಲ್ಲ.”

ಈಗ ಭಾಗಿಗೆ ಎಂಟು ನಡೆದಿದೆ. ಶಾಲೆಗೆ ಹೋಗುತ್ತಾಳೆ. ಹಟ ಬಂದರೆ ನೆಲಕ್ಕೆ ಬಿದ್ದು ಹೊರಳುತ್ತಾಳೆ, ಆಮೇಲೆ ಎದ್ದು ಎಲ್ಲರ ಮಾತನ್ನೂ ಅಣಕಿಸಿ ನಗಿಸುತ್ತಾಳೆ. ಹಸಿವು ಹೋಗಿಲ್ಲ, ಹೋಗುವುದೂ ಇಲ್ಲವಂತೆ. ತೂಕ ಹಿಡಿತದಲ್ಲಿದೆ. ಇದರಲ್ಲಿ ನನ್ನದೇನೂ ಹೆಚ್ಚುಗಾರಿಕೆಯಿಲ್ಲ, ಸೊಸೆಯದು. ಅವಳಿಗೆ ಇದನ್ನು ಬಾಯಿಬಿಟ್ಟು ಹೇಳಿಲ್ಲ, ಇಲ್ಲಿ ಬರೆದಿದ್ದೇನೆ.

ಅಂದು, ನಾಲ್ಕು ವರ್ಷದ ಹಿಂದೆ, ಆಸ್ಪತ್ರೆಯಿಂದ ಬಂದ ಮರುದಿನ ಬೆಳಿಗ್ಗೆ ಮಗನಿಗೆ ಹೇಳಿ ಅಡುಗೆಕೋಣೆಯ ಬಾಗಿಲಿಗೆ ಹೊರಗಿನಿಂದ ಕೊಂಡಿ ಹೊಡೆಸಿದೆ. ಹಿಟ್ಟು, ಬುಟ್ಟಿ ಎಲ್ಲಾ ಒಳಗಿಟ್ಟು ಒಲೆ ಹೊತ್ತಿಸಿದೆ. ಸಂಗೀತಾಳನ್ನು ಕರೆದು ಹೊರಗಿನಿಂದ ಕೀಲಿ ಹಾಕು ಅಂದೆ.

“ನೀವು ಒಳಗಿದ್ದಾಗ ಹ್ಯಾಂಗ ಹಾಕ್ಲಿರಿ ಅತ್ತಿ?”

“ಒಳಗಿಂದ ಹಾಕ್ಕೊಂಡ್ರ, ಆಕಿ ಅಳಾಕತ್ತಿದ ಕೂಡ್ಲೆ ನಾ ತಗೀತೇನಿ. ನೀ ತಗ್ಯಂಗಿಲ್ಲ. ಹಾಕು.”

ಅವಳು ಕೀಲಿ ಹಾಕಿ ಅಲ್ಲೇ ಕೂತಳು. ಭಾಗಿ ಎದ್ದು ಬಂದ ಸಪ್ಪಳ ಕೇಳಿತು.

“ಆಯಿ, ಒಂದ ರೊಟ್ಟಿ.”

ಬಾಗಿಲು ಗುದ್ದಿದಳು. ಅತ್ತಳು. ನಾನು ಹಿಟ್ಟಿಗೆ ಬಿಸಿನೀರು ಹಾಕಿ ನಾದತೊಡಗಿದೆ.